ನೈಫಿನ ಶುಕ್ರವಾರಗಳು

ಮೊನ್ನೆ ಮಂಗಳೂರಿನ ನಮ್ಮ ಫ್ಲ್ಯಾಟಿನ ಲಾಫ್ಟ್ ಚೊಕ್ಕಟ ಮಾಡುವಾಗ ಹಾಲಿನ ಪುಡಿಯ ದೊಡ್ಡದೊಂದು ಹಳದಿ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ತುದಿಯಿಂದ ಎಬ್ಬಿ ತೆಗೆದದ್ದೇ ತಡ, ಒಳಗಿನಿಂದ ಒಂದು ವಾಸನೆ ಎದ್ದು ಬಂತು. ಹಳೆಯ ಚರ್ಮ, ಹಿತ್ತಾಳೆ, ಟಾಲ್ಕಮ್ ಪೌಡರು, ಒಣಗಿದ ಬೆವರು, ಇವೆಲ್ಲದರ ಅಡಿಯಲ್ಲಿ ಇಷ್ಟೇ ಇಷ್ಟು ಹಾಲಿನ ಪುಡಿ. ನನ್ನ ಗೆಜ್ಜೆಗಳು! ಚರ್ಮದ ಪಟ್ಟಿಗೆ ಹಸಿರು ಬೂಷ್ಟು ಹಿಡಿದು, ಗಂಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಗಂಡ ಮೂಗು ಮುಚ್ಚಿಕೊಂಡು, "ಎಂತ ಸತ್ತಿದೆ ಮಾರಾಯ್ತಿ ಅದರೊಳಗೆ?" ಎಂದು ಕೇಳಿದ. ನನಗೆ ಮೊದಲು ಅಳು ಬಂತು, ಅದರ ಹಿಂದೆಯೇ ನಗು ಬಂತು. ಆ ಗೆಜ್ಜೆಗಳ ವಿಷಯದಲ್ಲಿ ಇದು ಹೊಸದೇನಲ್ಲ.

ಅವು ಕುಣಿದ ಮನೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿತ್ತು. ಕೆಳಗೆ ಒಂದು ಲಾಂಡ್ರಿ, ಒಂದು ಮಲಯಾಳಿ ಹೋಟೆಲು, ಮೇಲೆ ಆರನೇ ಮಹಡಿಯಲ್ಲಿ ನಾವು. ಹೆಸರಿಗೆ ಟೂರಿಸ್ಟ್ ಕ್ಲಬ್. ಅಲ್ಲಿ ಕಳೆದ ಅಷ್ಟೂ ವರ್ಷಗಳಲ್ಲಿ ನಾನು ಹತ್ತಿರದಿಂದ ಕಂಡ ಏಕೈಕ ಟೂರಿಸ್ಟ್ ಎಂದರೆ ವಿಸಿಟ್ ವೀಸಾದಲ್ಲಿ ಬಂದ ಅಪ್ಪನ ಅಕ್ಕ, ನನ್ನ ರುಕ್ಮಿಣಿ ಅತ್ತೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ರೂಮು ಮತ್ತು ಹಾಲ್ ನಮ್ಮದು, ಇನ್ನೊಂದು ರೂಮು ಜೆಸಿಂತಾ ಬಾಯಿಯದು. ಅವರು ಕಿನ್ನಿಗೋಳಿ ಕಡೆಯ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸ್. ಗಂಡನಿಗೆ ಹೋಟೆಲಿನಲ್ಲಿ ಕೆಲಸ. ಅಡುಗೆಮನೆ ಎರಡೂ ಸಂಸಾರಕ್ಕೆ ಒಂದೇ. ಅಲ್ಲಿ ಅಮ್ಮನ ಇಂಗಿನ ಒಗ್ಗರಣೆಯೂ ಅವರ ಬಫಾತ್ ಮಸಾಲೆಯೂ ಒಂದೇ ಎಕ್ಸಾಸ್ಟ್ ಫ್ಯಾನಿನಲ್ಲಿ ಹೊರಗೆ ಹೋಗಬೇಕಿತ್ತು, ಹೋಗುತ್ತಿರಲಿಲ್ಲ. ನನ್ನ ಸ್ಕೂಲ್ ಯೂನಿಫಾರ್ಮಿಗೆ ಎರಡರ ವಾಸನೆಯೂ ಇತ್ತು. ಗಲ್ಫಿನಲ್ಲಿ ಶೇರಿಂಗಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಸಂಬಂಧಿಕರು ಹುಟ್ಟುವುದು ರಕ್ತದಿಂದಲ್ಲ, ಫ್ರಿಜ್ಜಿನ ಶೆಲ್ಫ್ ಹಂಚಿಕೊಳ್ಳುವುದರಿಂದ.

ಏಳನೇ ವಯಸ್ಸಿನಲ್ಲಿ ನಾನು ಭರತನಾಟ್ಯ ಶುರು ಮಾಡಿದೆ. ಆಗ ಟೀಚರ್ ನಮ್ಮ ಹಿಂದಿನ ಬೀದಿಯಲ್ಲೇ ಇದ್ದರು. ನಾನು ಏಳನೇ ಕ್ಲಾಸಿಗೆ ಬರುವಾಗ ಅವರು ದುಬೈಗೆ ಹೋದರು, ಆಫೀಸಿನ ಕೆಲಸ ಹಿಡಿದರು, ಪಾಠ ಅಲ್ಲಿನ ವಾರದ ರಜೆಯಾದ ಶುಕ್ರವಾರಕ್ಕೆ ಇಳಿಯಿತು. ದುಬೈಯ ನೈಫ್ ಎಂಬ ಪೇಟೆಯಲ್ಲಿ ಭಟ್ಕಳದ ಸಾಹೇಬರೊಬ್ಬರ ಬಟ್ಟೆಯ ಹೋಲ್‌ಸೇಲ್ ಅಂಗಡಿಯಿತ್ತು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿ ಮುಚ್ಚಿರುತ್ತಿದ್ದುದರಿಂದ ಮೇಲಿನ ಗೋದಾಮನ್ನು ಆ ಒಂದು ಬೆಳಿಗ್ಗೆ ಅವರು ಟೀಚರಿಗೆ ಬಿಟ್ಟುಕೊಟ್ಟಿದ್ದರು. ಬೇರೆ ದಿನ ಆ ಕೋಣೆ ಇಲ್ಲ, ಟೀಚರಿಗೆ ಪುರುಸೊತ್ತೂ ಇಲ್ಲ. ಹೀಗಾಗಿ ವಾರದ ಆರು ದಿನ ನಾನು ಸಾಧಾರಣ ಹುಡುಗಿ, ಏಳನೆಯ ದಿನ ಬಟ್ಟೆಯ ಥಾನುಗಳ ನಡುವೆ ನರ್ತಕಿ. ಬೆಳಿಗ್ಗೆ ಐದಕ್ಕೆ ಅಪ್ಪ ನನ್ನನ್ನು ಎಬ್ಬಿಸಿ, ಬಸ್ಸು ಹತ್ತಿಸಿ, ಎರಡು ಗಂಟೆಯ ದಾರಿಯಲ್ಲಿ ಗೆಜ್ಜೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ಆಮೇಲೆ ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ, ಶಟರ್ ಎಳೆದ ಗಲ್ಲಿಗಳಲ್ಲಿ ನಡೆದು ಹೋಗಬೇಕು. ಪಾಠ ಮುಗಿಯುವವರೆಗೆ ಅವರು ಕೆಳಗೆ ಒಂದು ಬಟ್ಟೆ ಮೂಟೆಯ ಮೇಲೆ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತಾ ಪೇಪರಿನ ಸುಡೊಕು ಅಂಕಿ ಚೌಕ ತುಂಬಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮೇಲೆ ಬಂದು ನನ್ನ ನೃತ್ಯ ನೋಡಲಿಲ್ಲ.

ಪಾಠಕ್ಕಿಂತ ಕಷ್ಟದ್ದು ಮನೆಯ ಅಭ್ಯಾಸ. ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಸುಡಾನಿನ ವೃದ್ಧ ದಂಪತಿ ಇದ್ದರು. ಒಮ್ಮೆ ಅವರು ಮೆಲ್ಲಗೆ ದೂರಿದ ಮೇಲೆ ಅಮ್ಮ ನನಗೆ ಕಂಬಳಿ ಹಾಸಿದಳು, ಅದರ ಮೇಲೆ ರಜಾಯಿ ಹಾಸಿದಳು, ಕೊನೆಗೆ ಗೆಜ್ಜೆಗೆ ಅಪ್ಪನ ಕಾಲುಚೀಲ ತೊಡಿಸಿದಳು. ಗೆಜ್ಜೆಗೆ ಕಾಲುಚೀಲ ತೊಡಿಸಿ ನಾಟ್ಯ ಕಲಿತವರು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಟೀಚರ್ ಪ್ರತಿ ಶುಕ್ರವಾರ, "ನಿನ್ನ ಕಾಲಿಗೆ ಜ್ವರ ಬಂದಿದೆಯಾ? ನೆಲಕ್ಕೆ ನೋವಾಗ್ತದೆ ಅಂತ ಹೆದರಿಕೆಯಾ?" ಎಂದು ಗದರುತ್ತಿದ್ದರು. ಮನೆಯ ನೆಲ ಸರಿಯಿಲ್ಲ ಎಂದು ನಾನು ದೂರಿದರೆ ಅಪ್ಪ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಹತ್ತನೆಯ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಾಗ ಶಾಲೆಯಿಂದ ಒಂದು ಫಾರ್ಮು ಬಂತು. ಹನ್ನೊಂದಕ್ಕೆ ಸೈನ್ಸೋ ಕಾಮರ್ಸೋ, ತಂದೆಯ ಸಹಿ ಹಾಕಿ ಮುಂದಿನ ತಿಂಗಳ ಕೊನೆಗೆ ಕೊಡಬೇಕು. ಸೈನ್ಸ್ ತೆಗೆದುಕೊಂಡವರಿಗೆ ಎಂಟ್ರೆನ್ಸ್ ಕೋಚಿಂಗ್ ಕಡ್ಡಾಯ, ಅದು ಪ್ರತಿ ಶುಕ್ರವಾರ ಬೆಳಿಗ್ಗೆ. ಅಲ್ಲಿಗೆ ನನ್ನ ನೈಫ್ ಮುಗಿಯಿತು. ಅಪ್ಪ ಕಟ್ಟಡ ಕಂಟ್ರಾಕ್ಟ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಅವರ ಆಸೆ ದೊಡ್ಡದೇನಲ್ಲ. "ಇಪ್ಪತ್ತು ವರ್ಷದಿಂದ ಇಂಜಿನಿಯರುಗಳು ವಕ್ರ ಗೀಚಿದ್ದನ್ನು ನಾನು ನೇರ ಮಾಡಿ ಕೊಡ್ತಾ ಇದ್ದೇನೆ. ನಮ್ಮ ಮನೆಯಿಂದ ಒಬ್ಬಳಾದ್ರೂ ಗೀಚುವವಳು ಬರ್ಲಿ," ಎಂದರು. ಅವರ ಮುಖ ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. "ಓಕೆ," ಎಂದೆ. ಅಲ್ಲಿನ ಮಕ್ಕಳಾದ ನಾವು ಎಲ್ಲದಕ್ಕೂ ಹೇಳುತ್ತಿದ್ದದ್ದು ಅದನ್ನೇ. ಆದರೆ ಆ ರಾತ್ರಿ ಊಟ ಬಿಟ್ಟೆ, ಮರುದಿನವೂ ಬಿಟ್ಟೆ, ಮೂರನೆಯ ದಿನ ಅಪ್ಪ ಊರಿಗೆ ಫೋನು ಮಾಡಿ ತಮ್ಮ ಅಕ್ಕನನ್ನು ಕರೆಸಿದರು.

ರುಕ್ಮಿಣಿ ಅತ್ತೆ ಕಾರ್ಕಳದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಆಗಲು ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ಅವರ ಕಣ್ಣಿಗೆ ಹೆದರಿ ಸೈನ್ಸ್ ತೆಗೆದುಕೊಂಡು ಡಾಕ್ಟರಾದವರು ಊರಿಡೀ ಇದ್ದಾರೆ ಎಂದು ಅಪ್ಪನ ನಂಬಿಕೆ. ಬಂದ ಮರುದಿನವೇ ಅತ್ತೆ ಮನೆಯನ್ನು ಶಾಲೆ ಮಾಡಿದರು. ನನಗೆ ದಿನಾ ಒಂದು ಪುಟ ಕನ್ನಡ ಕಾಪಿ. ಈ ಬರಹದ ಅಕ್ಷರಗಳೆಲ್ಲ ಅವರ ಭಿಕ್ಷೆ. ಅವರಿಗೆ ಇನ್ನೊಂದು ಹೆಮ್ಮೆಯಿತ್ತು, ಹಿಂದಿ. ರಾಷ್ಟ್ರಭಾಷಾ ಪರೀಕ್ಷೆಗಳನ್ನು ಚಿಕ್ಕಂದಿನಲ್ಲೇ ಪಾಸು ಮಾಡಿದ್ದರು. ನಮ್ಮ ಕಟ್ಟಡದ ನಾತೂರ್, ಎಂದರೆ ವಾಚ್‌ಮನ್, ಆರಡಿಯ ಪಠಾಣ. ಅವನನ್ನು ಲಿಫ್ಟಿನ ಎದುರು ನಿಲ್ಲಿಸಿ ಅತ್ತೆ, "ಆಪಕಾ ಶುಭನಾಮ ಕ್ಯಾ ಹೈ?" ಎಂದು ಕೇಳಿದಾಗ ಅವನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಜೇಬಿನಿಂದ ಐಡಿ ಕಾರ್ಡ್ ತೆಗೆದು ತೋರಿಸಿದ.

ಒಂದು ಶುಕ್ರವಾರ ಅತ್ತೆಯೂ ನೈಫಿಗೆ ಬಂದರು, ನನ್ನ ಸಮಯ ಎಷ್ಟು ಹಾಳಾಗುತ್ತದೆ ಎಂದು ಕಣ್ಣಾರೆ ನೋಡಲು. ಗಣಿತದ ಟೀಚರ್ ತಾಳದಲ್ಲಿ ಗಣಿತ ಕಂಡು ಮನಸ್ಸು ಬದಲಿಸಿದರು ಎಂದು ನೀವು ಎಣಿಸಿಕೊಂಡಿರಬಹುದು. ಅಂಥದ್ದೇನೂ ಆಗಲಿಲ್ಲ. ಅತ್ತೆ ಬಟ್ಟೆಯ ಥಾನಿಗೆ ಒರಗಿ ಹತ್ತೇ ನಿಮಿಷದಲ್ಲಿ ಗೊರಕೆ ಹೊಡೆದರು. ಬಸ್ಸಿನಲ್ಲಿ ವಾಪಸು ಬರುವಾಗ, "ಸೀನಾ, ಇದು ದೊಡ್ಡ ದಂಡ. ಹುಡುಗಿ ಓಕೆ ಅಂತ ಹೇಳಿದ್ದಾಳಲ್ಲ, ಫಾರ್ಮಿಗೆ ಸಹಿ ಹಾಕು," ಎಂದು ಅಪ್ಪನಿಗೆ ತೀರ್ಪು ಕೊಟ್ಟರು. ನಾನು ಕಿಟಕಿಯ ಹೊರಗೆ ಮರಳು ನೋಡುತ್ತಾ ಕೂತೆ. ಅಪ್ಪ ಯಾಕೋ ಆ ವಾರ ಸಹಿ ಹಾಕಲಿಲ್ಲ.

ಮರುವಾರ ಒಂದು ಸಂಜೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ನಾನು ರಜಾಯಿಯ ಮೇಲೆ ಅಭ್ಯಾಸ ಮಾಡುತ್ತಿದ್ದೆ, ಅತ್ತೆ ಗೋಳಿಬಜೆ ಕರಿಯುತ್ತಿದ್ದರು. ಬೆಲ್ಲಾಯಿತು. ಬಾಗಿಲಲ್ಲಿ ನಾತೂರ್. ಅವನು ಗಲ್ಫಿನ ಬೆರಕೆ ಹಿಂದಿಯಲ್ಲಿ, "ನೀಚೇ ವಾಲಾ ಬಾಬಾ ಬೋಲಾ, ಡ್ಯಾನ್ಸ್ ಮಾಫಿ. ಖಲಾಸ್!" ಎಂದು ಹೇಳಿ ಎರಡು ಕೈ ಝಾಡಿಸಿದ. ಅತ್ತೆ ಅರಳಿದ ಮುಖದಿಂದ ಅವನ ಎರಡೂ ಕೈಗೆ ಗೋಳಿಬಜೆ ತುಂಬಿಸಿ ಕಳಿಸಿ, ನನ್ನ ಹತ್ತಿರ ಬಂದರು. "ಕೆಳಗಿನವರು ಎಷ್ಟು ದೊಡ್ಡ ಮನಸ್ಸಿನವರು ಮಗಾ! ಡ್ಯಾನ್ಸ್ ಮಾಫಿ ಮಾಡಿದ್ದಾರಂತೆ. ವಿಷಯ ಖಲಾಸ್ ಅಂತೆ. ತೆಗೆ ಆ ಕಾಲುಚೀಲ. ಮಾಫಿ ಸಿಕ್ಕಿದ ಮೇಲೆ ಕಳ್ಳರ ಹಾಗೆ ಕುಣಿಯುವುದು ಅವರಿಗೆ ಮಾಡುವ ಅವಮಾನ."

ನಮ್ಮ ಕಡೆ ಮಾಫಿ ಎಂದರೆ ಕ್ಷಮೆ. ಅಬುಧಾಬಿಯ ಬೀದಿಯಲ್ಲಿ ಮಾಫಿ ಎಂದರೆ ಇಲ್ಲ, ಕೂಡದು, ನಾಸ್ತಿ. ಇದು ಅತ್ತೆಗೆ ಗೊತ್ತಿರಲಿಲ್ಲ, ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹುಟ್ಟಿದ್ದೇ ಆ ಊರಲ್ಲಿ. ಅಮ್ಮ ಎನ್ನುವುದಕ್ಕೂ ಮುಂಚೆ ಮಾಫಿ ಎಂದವಳು ನಾನು. ಆದರೂ ಬಾಯಿ ಬಿಡಲಿಲ್ಲ. ಹೇಗೂ ಸೈನ್ಸಿಗೆ ಹೋಗುವವಳು, ಇನ್ನು ನಾಲ್ಕು ದಿನವಾದರೂ ಕಾಲು ಎತ್ತಿ ನೆಲಕ್ಕೆ ಬಡಿದುಬಿಡೋಣ ಎಂದು ಹೊಟ್ಟೆಯೊಳಗಿನಿಂದ ಆಸೆ ಎದ್ದಿತ್ತು. ರಜಾಯಿ ಮಡಚಿದೆ, ಕಾಲುಚೀಲ ಕಿತ್ತೆಸೆದೆ. ಬರಿಯ ಟೈಲ್ಸಿಗೆ ಎಷ್ಟೋ ಕಾಲದ ಮೇಲೆ ಬಿದ್ದ ಆ ತಟ್ಟಿನ ಸದ್ದಿಗೆ ನನ್ನ ಮೈ ಜುಮ್ಮೆಂದಿತು.

ಮೂರು ವಾರ, ದೊಡ್ಡವರು ಬೇರೆ ಯಾರೂ ಮನೆಯಲ್ಲಿಲ್ಲದ ಹೊತ್ತು ನೋಡಿ, ಹೀಗೆ ನಡೆಯಿತು. ನಾತೂರ್ ಮತ್ತೆ ಮತ್ತೆ ಬಂದ. ಪ್ರತಿ ಸಲವೂ "ಮಾಫಿ ಬೋಲಾ ನಾ, ಮಾಫಿ!" ಎಂದ. ಪ್ರತಿ ಸಲವೂ ಅತ್ತೆ, "ಒಮ್ಮೆ ಮಾಫಿ ಮಾಡಿದ್ದನ್ನು ಎಷ್ಟು ಸಲ ಹೇಳ್ತಾನಪ್ಪ, ಪಾಪ, ಸಂಸ್ಕಾರವಂತ," ಎಂದು ಗೋಳಿಬಜೆ ಕೊಟ್ಟರು. ಕೊನೆಕೊನೆಗೆ ಅವನು ದೂರು ಹೇಳಲು ಬರುತ್ತಿದ್ದನೋ ಗೋಳಿಬಜೆಗೆ ಬರುತ್ತಿದ್ದನೋ ಹೇಳುವುದು ಕಷ್ಟ. ಅತ್ತ ನೈಫಿನಲ್ಲಿ ಟೀಚರ್ ನನ್ನ ಕಾಲನ್ನೇ ನೋಡುತ್ತಾ ನಿಂತರು. "ಈಗ ಬಂತು ನೋಡು ತಟ್ಟು! ಇನ್ನೊಂದು ವರ್ಷ, ಒಂದೂ ಶುಕ್ರವಾರ ತಪ್ಪಿಸದೆ ಬಾ. ರಂಗಪ್ರವೇಶ ಮಾಡಿಸ್ತೇನೆ," ಎಂದರು. ನಾನು ಬಗ್ಗಿ ಗೆಜ್ಜೆ ಬಿಚ್ಚತೊಡಗಿದೆ. ಕೆಳಗೆ ಮೂಟೆಯ ಮೇಲೆ ಕೂತಿದ್ದ ಅಪ್ಪನಿಗೆ ಅದನ್ನು ಹೇಳಲಿಲ್ಲ. ಫಾರ್ಮು ಕೊಡಲು ಇನ್ನು ಒಂದೇ ವಾರವಿತ್ತು.

ಆ ವಾರದ ಒಂದು ಸಂಜೆ ಕೆಳಗಿನ ಸುಡಾನಿ ಅಜ್ಜ ತಾವೇ ಮೇಲೆ ಬಂದರು. ಉದ್ದದ ಬಿಳಿ ಅಂಗಿ, ಬಿಳಿ ಮುಂಡಾಸು, ಕೈಯಲ್ಲಿ ಕೋಲು. ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು. ಅತ್ತೆ ಕೈಮುಗಿದು, ಕುರ್ಚಿ ಒರೆಸಿ ಕೂರಿಸಿ, ತಟ್ಟೆ ತಂದಿಟ್ಟು, ಅಷ್ಟೂ ದಿನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಿಂದಿ ಭಾಷಣ ಶುರು ಮಾಡಿದರು. "ಆಪ್ ಮಹಾನ್ ಹೈಂ. ಆಪ್ ಕೀ ಕ್ಷಮಾ..." ಅಜ್ಜನಿಗೆ ಹಿಂದಿಯ ಒಂದಕ್ಷರವೂ ತಿಳಿಯದು. ಅವರು ಸಭ್ಯತೆಗೆ ಒಂದು ಗೋಳಿಬಜೆ ಎತ್ತಿಕೊಂಡು ನೆಲ ತೋರಿಸಿ, ಎದೆ ಮುಟ್ಟಿಕೊಂಡು, "ಮಾಫಿ ನೋಮ್! ಮಾಫಿ ರಾಹಾ!" ಎಂದು ಗೋಗರೆದರು. "ನೋಡು ಸೀನಾ," ಎಂದರು ಅತ್ತೆ, ಕಣ್ಣು ತುಂಬಿಕೊಂಡು. "ಎರಡೆರಡು ಸಲ ಮಾಫಿ ಅಂತಾರೆ." ಅಪ್ಪನ ಕೈಯಲ್ಲಿದ್ದ ಶೂ ಕೆಳಗೆ ಬಿತ್ತು. ಡ್ಯೂಟಿಗೆ ಹೊರಟಿದ್ದ ಜೆಸಿಂತಾ ಬಾಯಿ ಬಾಗಿಲಲ್ಲೇ ನಿಂತು, "ಸಾಯ್ಬಾ ಭೊಗೊಸ್!" ಎಂದರು. ಕೊಂಕಣಿಯಲ್ಲಿ ಹಾಗೆಂದರೆ ದೇವರೇ ಕ್ಷಮಿಸು ಎಂದು. ಆ ಮೂರು ವಾರಗಳಲ್ಲಿ ನಿಜವಾಗಿ ಕ್ಷಮೆ ಕೇಳಿದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಕಲಿತ ಅರಬ್ಬಿಯಲ್ಲಿ ಜೆಸಿಂತಾ ಬಾಯಿ ವಿಚಾರಿಸಿ ಅರ್ಥ ಬಿಡಿಸಿ ಹೇಳಿದರು. "ಟೀಚರಮ್ಮಾ, ಮಾಫಿ ಅಂದ್ರೆ ಇಲ್ಲ ಅಂತ ಮಾರ್ರೆ. ಇವರಿಗೆ ನಿದ್ದೆ ಇಲ್ಲ, ನೆಮ್ಮದಿ ಇಲ್ಲ ಅಂತೆ. ಹೆಂಡ್ತಿಗೆ ಮಂಡಿ ಆಪರೇಶನ್ ಆಗಿ ಮಲಗಿದ್ದಾರೆ." ಅತ್ತೆಯ ಮುಖ ಬಿಳುಚಿತು. ಮಕ್ಕಳ ಒಂದು ಸೊನ್ನೆ ತಪ್ಪಿದರೂ ಮತ್ತೆ ಬರೆಸುತ್ತಿದ್ದ ಹೆಂಗಸು ಅವರು. ಸೀರೆ ಸರಿ ಮಾಡಿಕೊಂಡು, ನನ್ನ ಕೈ ಹಿಡಿದು, ಜೆಸಿಂತಾ ಬಾಯಿಯನ್ನೂ ಕರೆದುಕೊಂಡು ಅಜ್ಜನ ಹಿಂದೆ ಕೆಳಗಿಳಿದರು. ಮಂಚದ ಮೇಲೆ ದಪ್ಪ ಅಜ್ಜಿಯೊಬ್ಬರು ಕಾಲು ಚಾಚಿ ಕೂತಿದ್ದರು. ಅತ್ತೆ ಕೈಮುಗಿದು ತಪ್ಪಾಯಿತು ಎಂದದ್ದನ್ನು ಜೆಸಿಂತಾ ಬಾಯಿ ಅರಬ್ಬಿಗೆ ತಿರುಗಿಸಿದರು. ಅಜ್ಜಿ ನನ್ನ ಕಾಲನ್ನೂ ಮುಖವನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕರು. ಅವರ ಊರಿನಲ್ಲಿ ಕಾಫಿ ಬೀಜವನ್ನು ಒರಳಲ್ಲಿ ಕುಟ್ಟುತ್ತಾರಂತೆ. ಮೇಲಿನವರು ಮೂರು ವಾರದಿಂದ ಕಾಫಿ ಕುಟ್ಟುತ್ತಿದ್ದಾರೆ, ಇಷ್ಟು ಕಾಫಿ ಕುಡಿದರೆ ಅವರಿಗೆ ನಿದ್ದೆ ಹೇಗೆ ಬರುತ್ತದೋ ಎಂದು ಅವರು ನಮಗಾಗಿ ಮರುಗುತ್ತಿದ್ದರಂತೆ. ಅಜ್ಜ ದಿನಾ ಐದಕ್ಕೆ ವಾಕಿಂಗ್ ಹೋಗುತ್ತಾರೆ, ಆ ಒಂದು ಗಂಟೆ ಹುಡುಗಿ ಕುಣಿಯಲಿ, ನನಗೂ ಹೊತ್ತು ಹೋಗುತ್ತದೆ ಎಂದರು ಅಜ್ಜಿ.

ಜೆಸಿಂತಾ ಬಾಯಿ ಡ್ಯೂಟಿಗೆ ಓಡಿದರು. ಅತ್ತೆ ಲಿಫ್ಟಿನ ಮುಂದೆ ಗುಂಡಿ ಒತ್ತದೆ ನಿಂತರು.

"ನಿನಗೆ ಆ ಶಬ್ದದ ಅರ್ಥ ಗೊತ್ತಿತ್ತಾ?"

"ಹೂಂ."

ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅತ್ತೆ ಲಿಫ್ಟಿನ ಬಾಗಿಲಿನಿಂದ ನನ್ನ ಕಡೆಗೆ ತಿರುಗಿದರು. "ಹಾಗಾದ್ರೆ ಇನ್ನೊಂದು ಶಬ್ದದ ಅರ್ಥ ಹೇಳು. ಅಪ್ಪ ಸೈನ್ಸ್ ಅಂದಾಗ ನೀನು ಓಕೆ ಅಂದಿದ್ದಿಯಲ್ಲ. ನಿಮ್ಮ ಈ ಊರಲ್ಲಿ ಓಕೆ ಅಂದ್ರೆ ಎಂತದು?"

ಆವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ನನಗೆ ಬೇಡ ಅಂತ, ಅತ್ತೆ," ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು. "ಅಪ್ಪನಿಗೆ ಬೇಜಾರಾಗ್ತದೆ ಅಂತ ಓಕೆ ಅಂದೆ. ನನಗೆ ಶುಕ್ರವಾರ ಬೇಕು." ಅತ್ತೆ ಸೆರಗಿನಿಂದ ನನ್ನ ಮೂಗು ಒರೆಸಿದರು. ಅದರಲ್ಲಿ ಎಣ್ಣೆಯ ಘಮವಿತ್ತು.

ಮೇಲೆ ಅಪ್ಪ ಇನ್ನೂ ಒಂದೇ ಶೂನಲ್ಲಿ ಕೂತಿದ್ದರು. ಅತ್ತೆ ಅವರ ಎದುರು ನಿಂತು, "ಸೀನಾ, ನೀನು ಕರೆಸಿದ ಕೆಲಸ ಆಯ್ತು. ಹುಡುಗಿಯನ್ನು ಸರಿಯಾಗಿ ಕೇಳಿದೆ. ಸೈನ್ಸ್ ಮಾಫಿ," ಎಂದರು. ಆಮೇಲೆ ಎಂದೂ ತಪ್ಪು ಅರ್ಥವಾಗಬಾರದೆಂದು, "ನಿಮ್ಮ ಊರಿನ ಮಾಫಿ," ಎಂದೂ ಸೇರಿಸಿದರು. "ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವುದು ಯಾರಿಗೆ ಅಕ್ಕ?" ಎಂದು ಅಪ್ಪ ಗೊಣಗಿದರು, ಅಷ್ಟೇ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆ ಎರಡು ದಿನ ನನಗೆ ಕುಣಿಯಲೂ ಮನಸ್ಸಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಐದಕ್ಕೆ ಅಪ್ಪ ಎಂದಿನಂತೆ ಹಾಲ್‌ನ ಲೈಟು ಹಾಕಿ, ಎಂದಿನಂತೆ ಎಬ್ಬಿಸಿದರು. ಬಸ್ಸು ಊರು ದಾಟಿದ ಮೇಲೆ, "ಕಾಮರ್ಸಿನಲ್ಲೂ ಗಣಿತ ಉಂಟಲ್ಲ?" ಎಂದು ಕೇಳಿದರು. ಉಂಟು ಎಂದೆ. "ಹಾಂ," ಎಂದು ಡಬ್ಬಿಯನ್ನು ತೊಡೆಯ ಮೇಲೆ ಸರಿ ಮಾಡಿಟ್ಟುಕೊಂಡು ನಿದ್ದೆ ಹೋದರು.

ಮರುವರ್ಷ ಒಂದು ಶಾಲೆಯ ಹಾಲ್‌ನಲ್ಲಿ ನನ್ನ ರಂಗಪ್ರವೇಶವಾಯಿತು. ಮೊದಲ ಸಾಲಿನಲ್ಲಿ ಸುಡಾನಿ ಅಜ್ಜ ಅಜ್ಜಿ, ಹಿಂದೆ ಭಟ್ಕಳದ ಸಾಹೇಬರ ಮನೆಯವರು. ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ಅಪ್ಪ ಬೆವರಿ, "ಎಲ್ಲರೂ ಊಟ ಮಾಡಿ ಹೋಗಿ, ಯಲ್ಲಾ," ಎಂದು ಮೈಕು ವಾಪಸು ಕೊಟ್ಟರು. ಅವರು ನನ್ನ ನೃತ್ಯವನ್ನು ಪೂರ್ತಿಯಾಗಿ ನೋಡಿದ್ದು ಅಂದೇ. ಅದಾದ ಎರಡು ವರ್ಷಕ್ಕೆ ಅವರ ಕಂಪನಿ ಜನ ಇಳಿಸಿತು, ವೀಸಾ ಕ್ಯಾನ್ಸಲ್ ಆಯಿತು, ಒಂದು ತಿಂಗಳಲ್ಲಿ ಮನೆ ಕಟ್ಟಿಟ್ಟು ಹೊರಟೆವು. ಜೆಸಿಂತಾ ಬಾಯಿ ಅಲ್ ರೀಮ್ ಐಲ್ಯಾಂಡಿನ ಎತ್ತರದ ಟವರಿಗೆ ಹೋದರು. ಅಲ್ಲಿ ಅಡುಗೆಮನೆ ಪೂರ್ತಿ ತಮ್ಮದೇ, ಬೋರಾಗ್ತದೆ ಎಂದು ಬರೆದರು. ನಮ್ಮ ಕಟ್ಟಡ ಕೆಡವಿ ಆ ಜಾಗ ಕಾರು ನಿಲ್ಲಿಸುವ ಬಯಲಾಗಿದೆಯಂತೆ. ಊರಿನ ಮನೆ ಕಳೆದುಕೊಂಡವರು ಬೇಲಿಯ ಹೊರಗೆ ನಿಂತಾದರೂ ನೋಡಬಹುದು. ನಮಗೆ ಹೋಗಿ ನೋಡಲೂ ಒಂದು ವೀಸಾ ಬೇಕು. ರುಕ್ಮಿಣಿ ಅತ್ತೆ ತೀರಿಕೊಂಡು ಈಗ ನಾಲ್ಕು ವರ್ಷ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಕುಣಿಯುವುದಿಲ್ಲ. ಆದರೆ ಆ ವರ್ಷಗಳು ದಂಡವಾದವು ಎಂದು ಒಂದು ಗಳಿಗೆಯೂ ಅನ್ನಿಸಿಲ್ಲ.

ಅಪ್ಪ ಈಗ ನಮ್ಮ ಜೊತೆಗೇ ಇದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಎಮಿರೇಟ್ಸ್‌ನಲ್ಲಿ ವಾರದ ರಜೆ ಬದಲಾಯಿತಂತೆ ಎಂದು ಫೋನಿನಲ್ಲಿ ಓದಿ ಹೇಳಿದೆ. ಇನ್ನು ರಜೆ ಶನಿವಾರ, ಭಾನುವಾರ. ಶುಕ್ರವಾರ ಬೆಳಿಗ್ಗೆ ಶಾಲೆ, ಆಫೀಸು ಎಲ್ಲ ಇದೆ. ಅಪ್ಪ ಅಂಕಿ ಚೌಕ ತುಂಬಿಸುತ್ತಿದ್ದ ಪೆನ್ಸಿಲನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನಾನು ಬಸ್ಸು ತಪ್ಪಿಸಿದ್ದೇನೋ ಎಂಬಂತೆ ನನ್ನನ್ನು ನೋಡಿದರು.

"ಹಾಗಾದ್ರೆ ನಮ್ಮ ಶುಕ್ರವಾರ ಎಲ್ಲಿಗೆ ಹೋಯ್ತು?" ಎಂದರು.